ಮಾತಾಡಲು ಯಾರ ಅಪ್ಪಣೆ?



1885ನೇ ಇಸವಿ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರು. ಅಲ್ಲೊಂದು ಹೆಣ್ಣುಮಕ್ಕಳ ಕಾಲೇಜು. ಆ ಕಾಲೇಜಿನಲ್ಲಿ ನಮ್ಮ ದೇಶದ ವಿಧವೆಯೊಬ್ಬರು ಓದುತ್ತಿದ್ದರು. ವಯಸ್ಸು ಇಪ್ಪತ್ತೇಳು. ನಾಲ್ಕು ವರ್ಷದ ಮಗಳ ತಾಯಿ. ಓದುವುದರ ಜೊತೆಗೆ ಅಲ್ಲಿ ಸಂಸ್ಕೃತವನ್ನೂ ಕಲಿಸುತ್ತಿದ್ದರು. ಎರಡು ವರ್ಷಗಳ ಹಿಂದೆ ಕ್ರೈಸ್ತ ಧರ್ಮಕ್ಕೆ ಸೇರಿದ್ದರು. ಇವರು ಗಂಡುಹುಡುಗರಿಗೂ ಪಾಠ ಹೇಳಲಿ ಎಂಬ ಮಾತು ಹೊರಟಿತು. ಅಷ್ಟಕ್ಕೇ ದೊಡ್ಡ ಗುಲ್ಲಾಯಿತು. ಭಾರತದಲ್ಲಿದ್ದ ಇಂಗ್ಲಿಷ್ ಬಿಷಪ್ಪರನ್ನು ಕೇಳಿದರು. ಲಾಹೋರಿನ ಬಿಷಪ್ ಬೇಡವೆಂದರು. ಮುಂಬಯಿಯ ಬಿಷಪ್ ಸಹ ಬೇಡವೆಂದರು. ಹೆಂಗಸು ಗಂಡಸರಿಗೆ ಪಾಠ ಹೇಳಿದರೆ ಭಾರತದಲ್ಲಿ ಆಕೆಯ ಹೆಸರು ಕೆಡುತ್ತದೆ, ಮುಂದೆ ಆಕೆಯ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಅವರ ವಾದ.

ಆ ಹೆಣ್ಣುಮಗಳು ಸುಮ್ಮನಾಗಲಿಲ್ಲ. ಪತ್ರ ಬರೆದರು. ತಾನು ಭಾರತದ ಉದ್ದಗಲಕ್ಕೂ ಗಂಡಸರು ತುಂಬಿದ ಸಭೆಗಳಲ್ಲಿ ಮಾತಾಡಿದವಳು ಎಂದು ನೆನಪಿಸಿದರು. ತನ್ನ ತಂದೆಯಾಗಲಿ ಗಂಡನಾಗಲಿ ಅದಕ್ಕೆ ಅಡ್ಡಿ ಮಾಡಿರಲಿಲ್ಲ. ಈಗ ಇಂಗ್ಲಿಷರು ಅಡ್ಡಿ ಮಾಡುತ್ತಿರುವುದು ತನಗೆ ಆಶ್ಚರ್ಯವೆಂದು ಬರೆದರು. ಪತ್ರದಲ್ಲಿ ಸಿಟ್ಟಿತ್ತು. ನ್ಯಾಯವಾದ ಸಿಟ್ಟು.

ಅವರೇ ಪಂಡಿತಾ ರಮಾಬಾಯಿ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದವರು.

ಕ್ರೈಸ್ತ ಸಭೆಗಳಲ್ಲಿ ಹೆಂಗಸರು ಬೋಧಕರಾಗಿ, ಮುಂದಾಳುಗಳಾಗಿ ನಿಂತ ಕತೆಯನ್ನು ಇವತ್ತು ನಿಮ್ಮ ಮುಂದೆ ಹೇಳಬೇಕು. ಈ ಕತೆ ಸಾಮಾನ್ಯವಾಗಿ ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಶುರುವಾಗುತ್ತದೆ. ನಾನು ಗಂಗಾಮೂಲದಿಂದ ಶುರುಮಾಡುತ್ತೇನೆ. ಅದು ಬರೀ ಊರಿನ ಅಭಿಮಾನದಿಂದಲ್ಲ.

ಅನಂತಶಾಸ್ತ್ರಿಗಳಿಗೆ ಒಂದು ಹಟ. ಹೆಂಗಸರೂ ಸಂಸ್ಕೃತ ಕಲಿಯಬೇಕು. ಹೆಂಡತಿ ಲಕ್ಷ್ಮೀಬಾಯಿಗೆ ತಾವೇ ಕಲಿಸಿದರು. ಬಂಧುಗಳು ವಿರೋಧಿಸಿದರು. ಊರು ಬಿಟ್ಟು ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಲಕ್ಷ್ಮೀಬಾಯಿ ಅಲ್ಲಿ ಗಂಡನ ಶಿಷ್ಯರಿಗೆ ಪಾಠ ಹೇಳುವ ಮಟ್ಟಕ್ಕೆ ಬೆಳೆದರು. ಮಗಳಿಗೆ ಕಲಿಸಿದವರೂ ಅವರೇ. ಬೆಳಗಿನ ಜಾವ ಎಬ್ಬಿಸಿ, ಮನೆಗೆಲಸ ಶುರುವಾಗುವ ಮುಂಚೆ, ಬಾಯಿಪಾಠ. ಭಾಗವತದ ಸಾವಿರ ಸಾವಿರ ಶ್ಲೋಕಗಳು ಹುಡುಗಿಯ ನಾಲಿಗೆಯ ಮೇಲೆ ನಿಂತವು.

ಮನೆಯ ಆಸ್ತಿ ಕರಗಿತು. ಸಂಸಾರ ದಾರಿ ಹಿಡಿಯಿತು. ತೀರ್ಥದಿಂದ ತೀರ್ಥಕ್ಕೆ ನಡಿಗೆ. ಗುಡಿಯ ಅಂಗಳದಲ್ಲೋ ಹೊಳೆಯ ದಂಡೆಯಲ್ಲೋ ಕೂತು ಪುರಾಣ ಓದುವುದು. ಕೇಳಿದವರು ಕೊಟ್ಟ ಅಕ್ಕಿ, ಹಣ್ಣು, ಕಾಸಿನಿಂದ ಹೊಟ್ಟೆ ಹೊರೆಯುವುದು. ಹೀಗೆ ವರ್ಷಗಟ್ಟಲೆ. ಜನ ಗದ್ದಲ ಮಾಡುತ್ತಿದ್ದರೂ ದನಿ ಎತ್ತರಿಸಿ ಓದುವುದು, ಎದುರಿಗಿರುವವರ ಮುಖ ನೋಡಿ ನಿಧಾನಿಸುವುದು, ಮಳೆ ಬಂದರೆ ಎದ್ದು ಇನ್ನೊಂದು ಜಗಲಿಗೆ ಹೋಗುವುದು. ಬೋಧಕರಿಗೆ ಬೇಕಾದ ತರಬೇತಿ ಇದಕ್ಕಿಂತ ಬೇರೆ ಏನಿದೆ? 1874ರ ಸುಮಾರಿಗೆ ಬರಗಾಲದಲ್ಲಿ ತಂದೆ ಸತ್ತರು. ತಾಯಿ ಸತ್ತರು. ಅಕ್ಕನೂ ಉಳಿಯಲಿಲ್ಲ. ಹದಿನಾರರ ರಮಾಬಾಯಿ ಅಣ್ಣನ ಜೊತೆ ನಡೆದೇ ನಡೆದರು. 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ಪಂಡಿತರು ಆಕೆಯನ್ನು ಪರೀಕ್ಷಿಸಿ 'ಪಂಡಿತಾ' ಎಂದು ಕರೆದರು, 'ಸರಸ್ವತಿ' ಎಂಬ ಬಿರುದನ್ನೂ ಕೊಟ್ಟರು.

ಅಂದರೆ, ಚೆಲ್ಟನ್‌ಹ್ಯಾಮಿಗೆ ಬರುವ ಹೊತ್ತಿಗೆ ಆಕೆ ಸಭೆಗಳನ್ನು ಕಂಡು ಪಳಗಿದವರು. ಅಂಥವರಿಗೆ ಬಿಷಪ್ಪರು ಗಂಡುಹುಡುಗರ ಮುಂದೆ ಬಾಯಿ ತೆರೆಯಬೇಡ ಎಂದರು. ರಮಾಬಾಯಿಯ ದನಿಯನ್ನು ಬೆಳೆಸಿದ್ದು ನಮ್ಮ ಪುರಾಣ ಓದುವ ಪದ್ಧತಿ. ಚರ್ಚು ಅದನ್ನು ಕೊಡಲಿಲ್ಲ. ಆ ದನಿಯನ್ನು ಏನು ಮಾಡುವುದೆಂದು ಆಗ ಅದಕ್ಕೆ ತಿಳಿಯಲೂ ಇಲ್ಲ.

ಇಲ್ಲಿಯವರೆಗೆ ಕೇಳಿದ್ದು ಒಬ್ಬ ಹೆಣ್ಣುಮಗಳು ಮಾತು ಕಲಿತ ಬಗೆ. ಮಾತು ಕಲಿತ ಮೇಲೆ ಆಕೆ ಏನು ಮಾಡಿದರು? ಈಗ ಅದನ್ನು ನೋಡೋಣ.

1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಎಂಬ ಶಾಲೆ ತೆರೆದರು. ಎಳೆಯ ವಿಧವೆಯರಿಗಾಗಿ. ಮರುವರ್ಷ ಅದು ಪುಣೆಗೆ ಹೋಯಿತು. ಅದೇ 1889ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಆ ದಿನಗಳ ಒಂದು ಸಭೆಯ ಬಗ್ಗೆ ಅವರ ಜೀವನ ಬರೆದವರು ಒಂದು ಪ್ರಸಂಗ ಹೇಳುತ್ತಾರೆ. ರಮಾಬಾಯಿ ಮಾತಿಗೆ ಎದ್ದರು. ಸಾವಿರಾರು ಗಂಡಸರ ಸಭೆ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿಲ್ಲವೆಂದು ಗದ್ದಲ. ಆಕೆ ಮಾತು ನಿಲ್ಲಿಸಿ ಕಾದರು. ಗದ್ದಲ ಅಡಗಿತು. ಆಮೇಲೆ ಹೇಳಿದರಂತೆ: ನನ್ನ ದನಿ ಸಣ್ಣದಾಗಿರುವುದರಲ್ಲಿ ಸೋಜಿಗವೇನಿದೆ, ಹೆಂಗಸಿಗೆ ದನಿ ಗಟ್ಟಿ ಮಾಡಿಕೊಳ್ಳಲು ನೀವು ಯಾವತ್ತು ಅವಕಾಶ ಕೊಟ್ಟಿರಿ? ಅಂದಿನ ಸಭೆಗಳಲ್ಲಿ ಮೈಕು ಇರಲಿಲ್ಲ ಎಂಬುದನ್ನು ಮೈಕಿನ ಮುಂದೆ ಕೂತ ನಾನು ಮರೆಯಬಾರದು.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಶಾಲೆಯಲ್ಲಿ ಧರ್ಮಬೋಧೆ ಇರುವುದಿಲ್ಲವೆಂದು ಮೊದಲೇ ಮಾತಾಗಿತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ತೆರೆದಿಡುತ್ತಿದ್ದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಸುದ್ದಿ ಹೊರಗೆ ಬಂತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರಬಂದರು. ಮನೆಯವರು ಬಂದು ಹುಡುಗಿಯರನ್ನು ಕರೆದುಕೊಂಡು ಹೋದರು. ಆ ಪೋಷಕರ ಕೋಪದಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ನಂಬಿ ಕಳಿಸಿದ್ದರು. ಆದರೆ ಅದೇ ಪೋಷಕರು ಬಾಲವಿಧವೆಯರಿಗೆ ಅಕ್ಷರ ಕಲಿಸಲು ಬೇರೆ ಎಷ್ಟು ಬಾಗಿಲು ತೆರೆದಿಟ್ಟಿದ್ದರು ಎಂಬ ಪ್ರಶ್ನೆಯೂ ಉಳಿಯುತ್ತದೆ.

ಆಮೇಲೆ ಬಂದದ್ದು 1896ರ ಬರ. ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋದರು. ತಾನು ಹದಿನಾರರಲ್ಲಿ ಉಂಡಿದ್ದ ಹಸಿವು ಅಲ್ಲಿ ಊರೂರಿನಲ್ಲಿ ಬಿದ್ದಿತ್ತು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಸೊಲ್ಲಾಪುರದ ರೈಲುದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಕೇಡಗಾಂವ್. ಅಲ್ಲಿ ಜಮೀನಿತ್ತು. ಅದೇ ಮುಕ್ತಿ ಆಶ್ರಮವಾಯಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಎರಡು ಸಾವಿರದಷ್ಟು ಹೆಂಗಸರು, ಮಕ್ಕಳು. ಹೊಲದ ಕೆಲಸ, ನೇಯ್ಗೆ, ಎಣ್ಣೆಗಾಣ, ಕುರುಡು ಹುಡುಗಿಯರಿಗೆ ಬೆರಳಿನಿಂದ ಓದುವ ಪಾಠ. ಒಂದು ಮುದ್ರಣಾಲಯ. ಅದರಲ್ಲಿ ಅಚ್ಚುಮೊಳೆ ಜೋಡಿಸುವವರೂ ಹುಡುಗಿಯರೇ.

ಆ ಮುದ್ರಣಾಲಯಕ್ಕಾಗಿ ರಮಾಬಾಯಿ ಮಾಡಿಕೊಟ್ಟ ಕೆಲಸ ಏನು ಗೊತ್ತೇ? ಇಡೀ ಬೈಬಲ್ಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲದಿಂದ ಮರಾಠಿಗೆ ಅನುವಾದಿಸಿದರು. ಆಗಲೇ ಮರಾಠಿ ಬೈಬಲ್ ಇತ್ತು. ಅದರ ಭಾಷೆ ಓದು ಬಲ್ಲವರ ಭಾಷೆ, ಹಳ್ಳಿಯ ಹೆಂಗಸಿಗೆ ಎಟುಕುವುದಿಲ್ಲ ಎಂದು ಆಕೆಗೆ ಅನಿಸಿತ್ತು. ನಲವತ್ತು ದಾಟಿದ ಮೇಲೆ ಆ ಹಳೆಯ ಭಾಷೆಗಳನ್ನು ಹಿಡಿದು ಕೂತರು. ಸಾಯುವತನಕ ಆ ಕೆಲಸ ಬಿಡಲಿಲ್ಲ.

ಈ ಆಶ್ರಮಕ್ಕೊಂದು ಚರ್ಚು. ಅದು ಯಾವ ಪಂಗಡಕ್ಕೂ ಸೇರಿದ್ದಲ್ಲ. 1905ರಲ್ಲಿ ರಮಾಬಾಯಿ ಒಂದು ಕರೆ ಕೊಟ್ಟರು. ಶಾಲೆಯ ಓದನ್ನು ಬದಿಗಿಟ್ಟು ಸುತ್ತಲ ಹಳ್ಳಿಗಳಿಗೆ ಹೋಗಿ ಸುವಾರ್ತೆ ಹೇಳಲು ಯಾರು ಬರುತ್ತೀರಿ? ಮೂವತ್ತು ಹುಡುಗಿಯರು ಮುಂದೆ ಬಂದರು. ನೆನಪಿಡಿ, ಇವರು ಹಸಿವಿನಲ್ಲಿ ಸಾಯಲು ಬಿಟ್ಟಿದ್ದ ಮಕ್ಕಳು. ಕೆಲವೇ ವರ್ಷಗಳಲ್ಲಿ ಗುಂಪು ಕಟ್ಟಿಕೊಂಡು ಪರ ಊರಿನ ಕಟ್ಟೆಯಲ್ಲಿ ನಿಂತು ಮಾತಾಡುವವರಾದರು. ಅವರು ಹೇಳಿದ್ದನ್ನು ನೀವು ಒಪ್ಪಬಹುದು, ಬಿಡಬಹುದು. ಅವರು ಕಟ್ಟೆಯ ಮೇಲೆ ನಿಂತದ್ದು ಮಾತ್ರ ಸಣ್ಣ ಸಂಗತಿಯಲ್ಲ.

ರಮಾಬಾಯಿಗೆ ಯಾವ ಸಭೆಯೂ ದೀಕ್ಷೆ ಕೊಡಲಿಲ್ಲ. ಆಕೆ ಅದಕ್ಕೆ ಕಾಯಲೂ ಇಲ್ಲ. ಕಲಬುರ್ಗಿಯಲ್ಲೂ ಒಂದು ಶಾಲೆ ಶುರುಮಾಡಿದರು, 1912ರ ಸುಮಾರಿಗೆ. ಆಗ ಅದು ನಿಜಾಮರ ರಾಜ್ಯ. ಮಗಳು ಮನೋರಮಾ ಆ ಕೆಲಸಕ್ಕೆ ಹೆಗಲು ಕೊಟ್ಟರು. 1921ರಲ್ಲಿ ಮಗಳು ತೀರಿಕೊಂಡರು, ಮರುವರ್ಷ ತಾಯಿ. ಇಂದು ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಪಂಚಾಂಗದಲ್ಲಿ ಏಪ್ರಿಲ್ 30 ರಮಾಬಾಯಿಯನ್ನು ನೆನೆಯುವ ದಿನ. ಗಂಡುಹುಡುಗರಿಗೆ ಪಾಠ ಹೇಳಬೇಡ ಎಂದಿದ್ದು ಇದೇ ಚರ್ಚಿನ ಬಿಷಪ್ಪರು.

ರಮಾಬಾಯಿಯ ವಿಷಯ ಇಷ್ಟು. ಅಪ್ಪಣೆ ಕೇಳದೆ ತಮ್ಮ ಜಾಗವನ್ನು ತಾವೇ ಕಟ್ಟಿಕೊಂಡವರು ಅವರು. ಎಲ್ಲರಿಗೂ ಅದು ಸಾಧ್ಯವಿಲ್ಲ. ಚರ್ಚಿನ ಒಳಗೇ ಇದ್ದು, ಅದರ ನಿಯಮದೊಳಗೇ ಸೇವೆ ಮಾಡಬೇಕೆಂದವರ ಪಾಡೇನು? ಅದನ್ನು ಹೇಳುವ ಮುಂಚೆ, ಕ್ರೈಸ್ತರಲ್ಲದ ಕೇಳುಗರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು.

ಚರ್ಚಿನಲ್ಲಿ ಪ್ರಸಂಗ ಮಾಡುವುದು ಒಂದು, ದೀಕ್ಷೆ ಪಡೆದ ಸಭಾಪಾಲಕರಾಗುವುದು ಇನ್ನೊಂದು. ಹಾಡಿಸುವುದು, ಮಕ್ಕಳಿಗೆ ಭಾನುವಾರದ ಪಾಠ ಹೇಳುವುದು, ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸುವುದು, ಇವನ್ನೆಲ್ಲ ಹೆಂಗಸರು ಮೊದಲಿನಿಂದಲೂ ಮಾಡುತ್ತ ಬಂದರು. ಆದರೆ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಆಶೀರ್ವದಿಸಿ ಕರ್ತನ ಭೋಜನ ನಡೆಸಲು ದೀಕ್ಷೆ ಬೇಕು. ಬಿಷಪ್ ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ. ಮದುವೆಯ ಮನೆಯಲ್ಲಿ ಅಡುಗೆಯೆಲ್ಲ ಒಬ್ಬರು ಮಾಡಿ, ಬಡಿಸುವ ಹಕ್ಕು ಮಾತ್ರ ಇನ್ನೊಬ್ಬರಿಗೆ ಇದ್ದ ಹಾಗೆ.

ಇದಕ್ಕೆ ಶಾಸ್ತ್ರದ ಆಧಾರ ಕೇಳಿದರೆ ಎರಡೂ ಕಡೆಗೆ ಸಿಗುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಸಂತ ಪೌಲ ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕೆನ್ನುತ್ತಾನೆ. ಅದೇ ಪತ್ರದ 11ನೇ ಅಧ್ಯಾಯಕ್ಕೆ ಬನ್ನಿ. ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕು ಹಾಕಿಕೊಳ್ಳಲಿ ಎನ್ನುತ್ತಾನೆ. ಮೌನವಾಗಿರುವವರು ಪ್ರವಾದಿಸುವುದು ಹೇಗೆ? ರೋಮದವರಿಗೆ ಬರೆದ ಪತ್ರದ ಕೊನೆಯಲ್ಲಿ ಫೊಯಿಬೆ ಎಂಬ ಸಭಾಸೇವಕಿಯನ್ನು ಗೌರವದಿಂದ ಪರಿಚಯಿಸುತ್ತಾನೆ. ಆ ಪತ್ರವನ್ನು ರೋಮಿಗೆ ಒಯ್ದವಳೇ ಆಕೆ ಎಂದು ಪಂಡಿತರು ಊಹಿಸುತ್ತಾರೆ. ಯೇಸು ಎದ್ದುಬಂದ ಸುದ್ದಿಯನ್ನು ಶಿಷ್ಯರಿಗೆ ಮೊದಲು ಮುಟ್ಟಿಸಿದವಳು ಮಗ್ದಲದ ಮರಿಯಳು. ಇಷ್ಟೆಲ್ಲ ಓದಿದ ಮೇಲೂ ವಾದ ಮುಗಿಯುವುದಿಲ್ಲ. ನನಗೆ ಕಂಡ ಮಟ್ಟಿಗೆ, ವಾದದಿಂದ ಬಾಗಿಲು ತೆರೆದದ್ದು ಕಡಿಮೆ. ಗಂಡಸರು ಸಿಗದೇ ಹೋದಾಗ ತೆರೆದದ್ದೇ ಹೆಚ್ಚು.

ಈ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ಈಗ ನಾವು ಚೀನಾದ ಕರಾವಳಿಗೆ ಹೋಗಬೇಕು. ಎರಡನೇ ಮಹಾಯುದ್ಧದ ಕಾಲ. ಹಾಂಗ್‌ಕಾಂಗ್ ಜಪಾನಿನ ಕೈಗೆ ಬಿದ್ದಿದೆ. ಪಕ್ಕದ ಮಕಾವು ಪೋರ್ಚುಗೀಸರದು. ಅವರು ಯುದ್ಧದಲ್ಲಿಲ್ಲ. ಹಾಗಾಗಿ ನಿರಾಶ್ರಿತರೆಲ್ಲ ಮಕಾವಿಗೆ ನುಗ್ಗಿದ್ದಾರೆ. ಅಲ್ಲಿನ ಪುಟ್ಟ ಆಂಗ್ಲಿಕನ್ ಸಭೆಯನ್ನು ನೋಡಿಕೊಳ್ಳುತ್ತಿದ್ದವರು ಲೀ ಟಿಮ್-ಒಯ್ ಎಂಬ ಹೆಣ್ಣುಮಗಳು. 1907ರಲ್ಲಿ ಹುಟ್ಟಿದವರು. ಫ್ಲಾರೆನ್ಸ್ ನೈಟಿಂಗೇಲಳ ಮೇಲಿನ ಗೌರವದಿಂದ ಫ್ಲಾರೆನ್ಸ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡಿದ್ದರು. ಹಸಿದವರಿಗೆ ಅನ್ನ, ಸತ್ತವರಿಗೆ ಮಣ್ಣು, ಎರಡನ್ನೂ ಅವರೇ ನೋಡಬೇಕು. ಆದರೆ ಕರ್ತನ ಭೋಜನ ನಡೆಸಲು ಹಾಂಗ್‌ಕಾಂಗಿನಿಂದ ಗುರುಗಳು ಬರುವ ದಾರಿ ಮುಚ್ಚಿತ್ತು.

ಆಕೆಯ ಬಿಷಪ್ ರೊನಾಲ್ಡ್ ಹಾಲ್ ಒಂದು ತೀರ್ಮಾನಕ್ಕೆ ಬಂದರು. ಟಿಮ್-ಒಯ್ ಶತ್ರುಸೈನ್ಯದ ಕಾವಲನ್ನು ದಾಟಿ, ದಿನಗಟ್ಟಲೆ ಪಯಣಿಸಿ, ಒಳನಾಡಿಗೆ ಬಂದರು. ಬಿಷಪ್ಪರೂ ಇನ್ನೊಂದು ಕಡೆಯಿಂದ ಅಲ್ಲಿಗೆ ಬಂದರು. 1944ರ ಜನವರಿ 25. ಬಿಷಪ್ ಆಕೆಯ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು. ಜಗತ್ತಿನ ಆಂಗ್ಲಿಕನ್ ಸಭೆಗಳಲ್ಲಿ ಗುರುದೀಕ್ಷೆ ಪಡೆದ ಮೊದಲ ಹೆಂಗಸು. ಆಕೆ ಮಕಾವಿಗೆ ಮರಳಿ ಕೆಲಸ ಮುಂದುವರಿಸಿದರು.

ಯುದ್ಧ ಮುಗಿಯಿತು. ದಾರಿಗಳು ತೆರೆದವು. ಗಂಡಸರು ಮತ್ತೆ ಸಿಕ್ಕರು. ಈಗ ಇಂಗ್ಲೆಂಡಿನಿಂದ ಆಕ್ಷೇಪ ಬಂತು. ಇದು ಕ್ರಮವಲ್ಲ, ಆಕೆ ಬಿಡಬೇಕು, ಇಲ್ಲವೇ ಬಿಷಪ್ ಹೋಗಬೇಕು. 1946ರಲ್ಲಿ ಟಿಮ್-ಒಯ್ ತಮ್ಮ ಬಿಷಪ್ಪರನ್ನು ಉಳಿಸುವುದಕ್ಕಾಗಿ ಅಧಿಕಾರಪತ್ರವನ್ನು ಹಿಂದಿರುಗಿಸಿದರು. ದೀಕ್ಷೆಯನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಚೀನಾದಲ್ಲಿ ಚರ್ಚುಗಳೇ ಮುಚ್ಚಿದವು. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಆಕೆಯ ಪೂಜಾವಸ್ತ್ರಗಳನ್ನು ಆಕೆಯ ಕೈಯಿಂದಲೇ ಕತ್ತರಿಯಲ್ಲಿ ಕತ್ತರಿಸುವಂತೆ ಮಾಡಿದರು. ಹೊಲದಲ್ಲಿ, ಕಾರ್ಖಾನೆಯಲ್ಲಿ ದುಡಿಸಿದರು. ಕಡೆಗೆ ಕೆನಡಾಕ್ಕೆ ಹೋಗಿ ಟೊರಾಂಟೊದಲ್ಲಿ ಮತ್ತೆ ಗುರುವಾಗಿ ಸೇವೆ ಮಾಡಿದರು. 1992ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಹಾಂಗ್‌ಕಾಂಗಿನಲ್ಲಿ 1971ರಲ್ಲೇ ಇನ್ನಿಬ್ಬರು ಹೆಂಗಸರಿಗೆ ದೀಕ್ಷೆ ಆಗಿತ್ತು. ಇಂಗ್ಲೆಂಡಿನಲ್ಲಿ ಮಾತ್ರ ಇನ್ನೂ ಒಬ್ಬರಿಗೂ ಆಗಿರಲಿಲ್ಲ.

ಬಿಕ್ಕಟ್ಟಿನಲ್ಲಿ ಕೊಟ್ಟಿದ್ದನ್ನು ಶಾಂತಿ ಬಂದ ಮೇಲೆ ಕಿತ್ತುಕೊಳ್ಳುವುದು. ಇದು ಚರ್ಚಿಗೆ ಮಾತ್ರ ಸೇರಿದ ಚಾಳಿಯಲ್ಲ, ಬಿಡಿ.

ಕೇಳುಗರೇ, ಈವರೆಗೆ ಇಬ್ಬರನ್ನು ಕಂಡೆವು. ಒಬ್ಬರು ಅಪ್ಪಣೆ ಕೇಳಲಿಲ್ಲ. ಇನ್ನೊಬ್ಬರಿಗೆ ಅಪ್ಪಣೆ ಸಿಕ್ಕಿ ಕೈತಪ್ಪಿತು. ಈಗ ದಕ್ಷಿಣ ಭಾರತಕ್ಕೆ ಬರೋಣ.

ಇಲ್ಲಿಯೂ ಶುರುವಾದದ್ದು ಗಂಡಸರು ಹೋಗಲಾರದ ಕಡೆಯಿಂದಲೇ. ಹತ್ತೊಂಬತ್ತನೇ ಶತಮಾನದ ಮಿಷನ್‌ಗಳ ಗಂಡು ಬೋಧಕರು ಸಂತೆಯಲ್ಲಿ, ಜಾತ್ರೆಯಲ್ಲಿ ಮಾತಾಡಬಹುದಿತ್ತು. ಮನೆಯ ಒಳಕೋಣೆಗೆ ಹೋಗುವಂತಿರಲಿಲ್ಲ. ಅದಕ್ಕಾಗಿ ಹೆಂಗಸರನ್ನು ನೇಮಿಸಿದರು. ಅವರನ್ನು ಬೈಬಲ್ ವುಮನ್ ಎಂದೇ ಕರೆಯುತ್ತಿದ್ದರು. ಹಲವರು ವಿಧವೆಯರು. ಚೀಲದಲ್ಲಿ ಪುಸ್ತಕ, ಕಾಲಿಗೆ ದೂಳು. ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಅಕ್ಕಿ ಆರಿಸುವವರ ಪಕ್ಕ ಕೂತು ಓದಿ ಹೇಳುವುದು. ಕೇಳುವವರಲ್ಲಿ ಕೆಲವರಿಗೆ ಅಕ್ಷರ ಕಲಿಸುವುದು. ಸಂಬಳ ಅಲ್ಪ. ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಅವರ ಲೆಕ್ಕ ಇರುತ್ತದೆ, ಎಷ್ಟೋ ಸಲ ಹೆಸರಿರುವುದಿಲ್ಲ. ಈ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡ ನಷ್ಟವಾಗಿ ಕಾಣುವುದು ಇದು. ಬಿಷಪ್ಪರ ಭಾವಚಿತ್ರಗಳು ಗೋಡೆಯ ಮೇಲಿವೆ. ಇವರು ಏನು ಮಾತಾಡಿದರು, ಹೇಗೆ ಮಾತಾಡಿದರು ಎಂಬುದು ಎಲ್ಲೂ ಇಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ನಾವು ಸಿಎಸ್‌ಐ ಎನ್ನುತ್ತೇವೆ. ಆಂಗ್ಲಿಕನ್ನರು, ಮೆಥೊಡಿಸ್ಟರು ಮತ್ತು ಇತರ ಪ್ರಾಟೆಸ್ಟಂಟ್ ಪಂಗಡಗಳು ಸೇರಿ ಕಟ್ಟಿದ ಸಭೆ. ನಮ್ಮ ಕರಾವಳಿಯ ಬಾಸೆಲ್ ಮಿಷನ್ ಸಭೆಗಳೂ ಈಗ ಅದರೊಳಗಿವೆ. ಹೊಸ ಸಭೆಗೆ ಒಂದು ಅನುಕೂಲವಿತ್ತು. ಹಳೆಯ ನಿಯಮಗಳನ್ನು ಮತ್ತೊಮ್ಮೆ ಕೂತು ಬರೆಯುವ ಅನುಕೂಲ. ಆದರೂ ಹೆಂಗಸರ ವಿಷಯದಲ್ಲಿ ಸುಮಾರು ಮೂವತ್ತು ವರ್ಷ ಹಿಡಿಯಿತು. ಮೊದಲು ಸೇವಕಿಯರ ಸಂಘ ಬಂತು. ಬೆಂಗಳೂರಿನ ವಿಶ್ರಾಂತಿ ನಿಲಯ ಆ ಸೋದರಿಯರ ಕೇಂದ್ರ. 1976ರಲ್ಲಿ ಎಲಿಜಬೆತ್ ಪಾಲ್ ಅವರಿಗೆ ದೀಕ್ಷೆಯಾಯಿತು. ಸಿಎಸ್‌ಐಯ ಮೊದಲ ಮಹಿಳಾ ಸಭಾಪಾಲಕರು ಅವರು.

ಈಗ ಇಂಗ್ಲೆಂಡಿನ ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಮೊದಲ ಬಾರಿಗೆ ಹೆಂಗಸರಿಗೆ ಗುರುದೀಕ್ಷೆ ಆದದ್ದು 1994ರ ಮಾರ್ಚ್‌ನಲ್ಲಿ, ಬ್ರಿಸ್ಟಲ್ ನಗರದಲ್ಲಿ. ಒಂದೇ ದಿನ ಮೂವತ್ತೆರಡು ಮಂದಿಗೆ. ನಮ್ಮಲ್ಲಿ ಅದು ಹದಿನೆಂಟು ವರ್ಷ ಮೊದಲೇ ನಡೆದಿತ್ತು.

ಬಿಷಪ್ ಪದವಿಯ ಕತೆಯೂ ಹೀಗೆಯೇ. ಬಳ್ಳಾರಿಯಿಂದ ರೈಲು ಹತ್ತಿ ಗುಂತಕಲ್ ದಾಟಿ ಪೂರ್ವಕ್ಕೆ ಹೋದರೆ ನಂದ್ಯಾಲ ಸಿಗುತ್ತದೆ. ರಾಯಲಸೀಮೆಯ ಬಿಸಿಲಿನ ಊರು. ಹಿಂದೆ ಇಂಗ್ಲೆಂಡಿನ ಆಂಗ್ಲಿಕನ್ ಮಿಷನರಿಗಳು ಬಂದು ಕೆಲಸ ಮಾಡಿದ ಪ್ರದೇಶ. 2013ರ ಸೆಪ್ಟೆಂಬರ್ 30ರಂದು ಅಲ್ಲಿ ಎಗ್ಗೋನಿ ಪುಷ್ಪಲಲಿತಾ ಅವರಿಗೆ ಬಿಷಪ್ ಅಭಿಷೇಕವಾಯಿತು. ಸಿಎಸ್‌ಐಯ ಮೊದಲ ಮಹಿಳಾ ಬಿಷಪ್. ಆಗ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳಾ ಬಿಷಪ್ಪೂ ಇರಲಿಲ್ಲ. ಹಿಂದಿನ ವರ್ಷವಷ್ಟೇ ಅಲ್ಲಿನ ಚರ್ಚಿನ ನಿಯಮ ಮಾಡುವ ಸಭೆಯಾದ ಸಿನೋಡ್‌ನಲ್ಲಿ ಹೆಂಗಸರಿಗೂ ಬಿಷಪ್ ಪದವಿ ಕೊಡುವ ನಿರ್ಣಯ ಆರು ಮತಗಳ ಕೊರತೆಯಿಂದ ಬಿದ್ದಿತ್ತು. ಅಲ್ಲಿ ಮೊದಲ ಮಹಿಳಾ ಬಿಷಪ್ ಲಿಬ್ಬಿ ಲೇನ್ ಅವರಿಗೆ ಅಭಿಷೇಕವಾದದ್ದು 2015ರ ಜನವರಿಯಲ್ಲಿ, ಯಾರ್ಕ್ ನಗರದ ದೊಡ್ಡ ಚರ್ಚಿನಲ್ಲಿ. ಆ ದಿನ ಒಂದು ದನಿ ಕೇಳಿಬಂತು. ಇವರು ಬಿಷಪ್ ಆಗುವುದು ನಿಮಗೆಲ್ಲ ಒಪ್ಪಿಗೆಯೇ ಎಂದು ಸಭೆಯನ್ನು ಕೇಳುವುದು ಪದ್ಧತಿ. ಕೇಳಿದಾಗ ಪಾದ್ರಿಯೊಬ್ಬರು ಎದ್ದು, ಇಲ್ಲ, ಇದು ಬೈಬಲ್ಲಿನಲ್ಲಿಲ್ಲ ಎಂದು ಕೂಗಿದರು. ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಎರಡನೇ ಸಲ ಆ ಕೂಗು ಬರಲಿಲ್ಲ. ಸಭೆ ಒಪ್ಪಿಗೆ ಎಂದಿತು. 2025ರ ಅಕ್ಟೋಬರ್‌ನಲ್ಲಿ ಅದೇ ಚರ್ಚಿನ ಅತ್ಯುನ್ನತ ಪೀಠವಾದ ಕ್ಯಾಂಟರ್‌ಬರಿಗೆ ಸಾರಾ ಮಲಲ್ಲಿ ಅವರನ್ನು ಹೆಸರಿಸಿದರು. ಮೊದಲು ನರ್ಸ್ ಆಗಿದ್ದವರು.

1885ರಲ್ಲಿ ಒಬ್ಬ ಭಾರತೀಯ ಹೆಣ್ಣುಮಗಳಿಗೆ ಪಾಠ ಹೇಳುವ ಅಪ್ಪಣೆ ನಿರಾಕರಿಸಿದ ಚರ್ಚು, 2013ರಲ್ಲಿ ಇನ್ನೊಬ್ಬ ಭಾರತೀಯ ಹೆಣ್ಣುಮಗಳ ಹಿಂದೆ ಉಳಿದಿತ್ತು. ಇದನ್ನು ಹೇಳುವಾಗ ನನಗೆ ಸ್ವಲ್ಪ ಖುಷಿಯಾಗುತ್ತದೆ. ಮುಚ್ಚಿಡುವುದೇಕೆ?

ಪ್ರಾಟೆಸ್ಟಂಟರ ಮಾತು ಇಷ್ಟು. ಕಥೋಲಿಕರ ದಾರಿ ಬೇರೆ. ಅಲ್ಲಿ ಹೆಂಗಸರಿಗೆ ಗುರುದೀಕ್ಷೆ ಇಲ್ಲ. ಯೇಸು ಹನ್ನೆರಡು ಗಂಡಸರನ್ನೇ ಪ್ರೇಷಿತರನ್ನಾಗಿ ಆರಿಸಿದನು, ಅದನ್ನು ಬದಲಿಸುವ ಅಧಿಕಾರ ಸಭೆಗಿಲ್ಲ ಎಂಬುದು ಅವರ ನಿಲುವು. 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದನ್ನೇ ಖಚಿತವಾಗಿ ಸಾರಿದರು. ಆದರೆ ಮುಂದಾಳುತನದ ವಿಷಯ ಬಂದರೆ ಮಂಗಳೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸೋದರಿಯರು 1870ರಲ್ಲಿ ಅಲ್ಲಿಗೆ ಬಂದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದರು. ಹೆಣ್ಣುಮಕ್ಕಳ ಹಲವು ತಲೆಮಾರುಗಳು ಆ ಗೇಟಿನ ಒಳಗೆ ಹೋಗಿ ಪದವಿ ಹಿಡಿದು ಹೊರಬಂದವು. ಒಂದು ದೊಡ್ಡ ಸಂಸ್ಥೆಯ ಹಣಕಾಸು, ನೇಮಕ, ಕಟ್ಟಡ, ಶಿಸ್ತು ಎಲ್ಲವನ್ನೂ ನೂರು ವರ್ಷ ನಡೆಸಿದವರಿಗೆ ಬಲಿಪೀಠದ ಹಿಂದೆ ನಿಲ್ಲುವ ಅವಕಾಶ ಮಾತ್ರ ಇಲ್ಲ. 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ಸೇವೆಯನ್ನು, ಪೀಠದ ಸಹಾಯಕರ ಸೇವೆಯನ್ನು ಹೆಂಗಸರಿಗೂ ವಿಧ್ಯುಕ್ತವಾಗಿ ತೆರೆದರು. ಅನೇಕ ಊರುಗಳಲ್ಲಿ ಹೆಂಗಸರು ಅದನ್ನು ಆಗಲೇ ಮಾಡುತ್ತಿದ್ದರು. ಇಲ್ಲೂ ಕೆಲಸ ಮೊದಲು, ಅಪ್ಪಣೆ ಆಮೇಲೆ.

ಕೊನೆಯದಾಗಿ, ದೀಕ್ಷೆ ಸಿಕ್ಕ ಮೇಲೆ ಏನಾಗುತ್ತದೆ ಎಂಬ ಮಾತು. ನಿಯಮ ಬದಲಾಯಿತು, ಸರಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹುಡುಗಿಯರು ಹುಡುಗರ ಜೊತೆಗೇ ಕೂತು ದೇವಶಾಸ್ತ್ರ ಓದುತ್ತಾರೆ. ಪರೀಕ್ಷೆ ಒಂದೇ, ಪದವಿ ಒಂದೇ.

ಒಂದು ಕನ್ನಡ ಸಭೆಯಲ್ಲಿ ಮಹಿಳಾ ಸಭಾಪಾಲಕರ ಪ್ರಸಂಗವನ್ನು ನಾನು ಕೇಳಿದ್ದೇನೆ. ಬಾವಿಯ ಬಳಿ ಯೇಸುವಿನ ಜೊತೆ ವಾದ ಮಾಡಿದ ಸಮಾರ್ಯದ ಹೆಂಗಸಿನ ಕತೆ ಅವತ್ತಿನ ಪಾಠ. ಆಕೆ ಅದನ್ನು ನಲ್ಲಿಯ ಸಾಲಿನಲ್ಲಿ ಬಿಂದಿಗೆ ಹಿಡಿದು ನಿಂತವರ ಭಾಷೆಯಲ್ಲಿ ಹೇಳಿದರು. ಮುಂದಿನ ಸಾಲಿನ ಹೆಂಗಸರು ತಲೆಯಾಡಿಸಿದರು, ಎರಡು ಸಲ ನಕ್ಕರು. ಆರಾಧನೆ ಮುಗಿದು ಹೊರಗೆ ಟೀ ಕೊಡುತ್ತಿದ್ದರು. ಹಿರಿಯರೊಬ್ಬರು ಬಂದು ಪ್ರಸಂಗ ಬಹಳ ಚೆನ್ನಾಗಿತ್ತಮ್ಮ ಎಂದರು. ಮನಸಾರೆ ಹೇಳಿದರು. ಅದೇ ಉಸಿರಿನಲ್ಲಿ, ಮುಂದಿನ ತಿಂಗಳು ಮೊಮ್ಮಗಳ ಮದುವೆಗೆ ಪಕ್ಕದ ಸಭೆಯ ಅಯ್ಯನವರನ್ನು ಕರೆಸುತ್ತೇವೆ, ತಪ್ಪು ತಿಳಿಯಬೇಡಿ ಎಂದರು. ಆಕೆ ನಕ್ಕು, ಮದುವೆಯ ಅರ್ಜಿಗೆ ಸಹಿ ಹಾಕಬೇಕಾದವಳು ಈ ಸಭೆಯ ಪಾಲಕಿಯಾದ ನಾನೇ, ಕಾಗದಪತ್ರಗಳನ್ನು ಬುಧವಾರ ತನ್ನಿ ಎಂದರು. ಹಿರಿಯರು ಟೀ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಅಡ್ಡಿ ಈಗ ಇರುವುದು ಇಂಥ ಕಡೆ. ಯಾವ ಊರಿಗೆ ವರ್ಗ ಮಾಡುತ್ತಾರೆ? ಸಣ್ಣ ಹಳ್ಳಿಯ ಸಭೆಗೋ, ನಗರದ ದೊಡ್ಡ ಸಭೆಗೋ? ಗಂಡನೂ ಸಭಾಪಾಲಕರಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಸಭೆ ಸಿಗುತ್ತದೆಯೋ, ಇಲ್ಲ ಆಕೆ ಗಂಡನ ಸಹಾಯಕಿಯಾಗಿ ಉಳಿಯುತ್ತಾರೋ? ಹಣಕಾಸಿನ ಸಮಿತಿಯಲ್ಲಿ ಆಕೆಗೆ ಜಾಗವಿದೆಯೋ? ಸಿನೋಡ್ ನಿರ್ಣಯಗಳಲ್ಲಿ ಇವು ಬರುವುದಿಲ್ಲ. ನಂದ್ಯಾಲದಲ್ಲಿ ಆದದ್ದು ಉಳಿದ ಧರ್ಮಪ್ರಾಂತ್ಯಗಳಲ್ಲಿ, ಅಂದರೆ ಬೇರೆ ಬಿಷಪ್ಪರ ಆಡಳಿತದ ಪ್ರದೇಶಗಳಲ್ಲಿ, ಸುಲಭವಾಗಿ ಮತ್ತೆ ಆಗದಿರುವುದಕ್ಕೂ ಇಲ್ಲೇ ಕಾರಣ ಹುಡುಕಬೇಕು.

ಸಿಎಸ್‌ಐಯಲ್ಲಿ ಬಿಷಪ್ಪರನ್ನು ಆರಿಸುವ ಕ್ರಮ ಹೀಗಿದೆ. ಧರ್ಮಪ್ರಾಂತ್ಯದ ಮಹಾಸಭೆ ಮತ ಹಾಕಿ ಕೆಲವು ಹೆಸರುಗಳ ಪಟ್ಟಿ ಮಾಡುತ್ತದೆ. ಆ ಪಟ್ಟಿಯಿಂದ ಒಬ್ಬರನ್ನು ಸಿನೋಡ್ ಆರಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಸಿನೋಡ್ ಆರಿಸಲಾರದು. ಪಟ್ಟಿ ಮಾಡುವ ಆ ಮಹಾಸಭೆಯಲ್ಲಿ ಸಭಾಪಾಲಕರ ಜೊತೆಗೆ ಊರೂರಿನ ಸಭೆಗಳಿಂದ ಬಂದ ಪ್ರತಿನಿಧಿಗಳು ಕೂರುತ್ತಾರೆ. ಯಾವ ಭಾನುವಾರ ಬೇಕಾದರೂ ಯಾವುದಾದರೂ ಚರ್ಚಿಗೆ ಹೋಗಿ ನೋಡಿ, ಬೆಂಚುಗಳಲ್ಲಿ ಹೆಂಗಸರೇ ಹೆಚ್ಚು. ಪ್ರತಿನಿಧಿಗಳ ಚುನಾವಣೆಗೆ ಕರೆಯುವ ಸಭೆಗೆ ಅವರಲ್ಲಿ ಎಷ್ಟು ಜನ ಉಳಿಯುತ್ತಾರೆ, ಎಷ್ಟು ಜನ ಮಧ್ಯಾಹ್ನದ ಅಡುಗೆಗೆಂದು ಮನೆಗೆ ಹೋಗುತ್ತಾರೆ ಎಂಬುದನ್ನೂ ನೋಡಿ. ಈ ಮಾತನ್ನು ಕೇಳುತ್ತಿರುವವರಲ್ಲಿ ಅಂಥವರಿದ್ದರೆ, ಮುಂದಿನ ಸಲ ಸೂಚನೆಯ ಹಾಳೆಯಲ್ಲಿ ಆ ಸಭೆಯ ತಾರೀಖು ಯಾವುದೆಂದು ಗಮನಿಸಿ. ಅಡುಗೆಯನ್ನು ಅವತ್ತು ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ.